ಕೆರೆಯ ಮೀನಿಗೆ ಅಗ್ಗದ ಆಹಾರ

ಬೆಳಗಾವಿಯ ಪೇಟೆಯಲ್ಲಿ ಮೀನು ಕೊಳ್ಳುವವರು ಬೆಲೆ ಕೇಳುತ್ತಾರೆ. ಅದು ಏನು ತಿಂದು ಬೆಳೆಯಿತೆಂದು ಕೇಳುವವರು ವಿರಳ. ಆದರೆ ಮೀನು ಸಾಕುವವನ ಖರ್ಚಿನಲ್ಲಿ ಅರ್ಧಕ್ಕೂ ಮಿಕ್ಕಿದ್ದು ಆಹಾರಕ್ಕೇ ಸಲ್ಲುತ್ತದೆ. ಅವನ ಲಾಭನಷ್ಟಗಳೆರಡೂ ಅಲ್ಲಿಯೇ ಇವೆ.

ಮೊದಲು ಮರಿಗಳಿಗೇ ಅಭಾವವಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಗೆಂಡೆ ಜಾತಿಯ ಮೀನುಗಳು ಚುಚ್ಚುಮದ್ದಿನಿಂದ ಮೊಟ್ಟೆಯಿಡುವಂತೆ ಮಾಡಿದರು. ಅಂದಿನಿಂದ ಆ ತೊಡಕು ಕ್ರಮೇಣ ಸಡಿಲವಾಯಿತು. ಇನ್ನುಳಿದದ್ದು ಹೊಟ್ಟೆಯ ಪ್ರಶ್ನೆ.

ಇದಕ್ಕೆ ಉತ್ತರ ನಮ್ಮ ಸೀಮೆಯಲ್ಲಿಯೇ ಇದೆ. ಮಲಪ್ರಭೆ ಹುಟ್ಟುವ ಖಾನಾಪುರ ತಾಲೂಕು ಭತ್ತದ ನಾಡು. ಅಕ್ಕಿ ಗಿರಣಿಯಲ್ಲಿ ತೌಡು ದೊರೆಯುತ್ತದೆ. ಜಿಲ್ಲೆಯ ಬಯಲು ಭಾಗದಲ್ಲಿ ಶೇಂಗಾ ಬೆಳೆಯುತ್ತದೆ; ಎಣ್ಣೆ ತೆಗೆದ ಮೇಲೆ ಹಿಂಡಿ ಉಳಿಯುತ್ತದೆ. ಹಿಂಡಿಯಲ್ಲಿ ನೂರಕ್ಕೆ ಸುಮಾರು 40ರಿಂದ 45 ಭಾಗ, ತೌಡಿನಲ್ಲಿ 12ರಿಂದ 14 ಭಾಗ ಪ್ರೋಟೀನು ಇರುತ್ತದೆ. ಎರಡನ್ನೂ ಸಮತೂಕ ಬೆರೆಸಿದರೆ ಕಟ್ಲಾ, ರೋಹು, ಮೃಗಾಲ್‌ಗಳಿಗೆ ಒಪ್ಪುವ ಆಹಾರವಾಗುತ್ತದೆ.

ಹಿಂಡಿಯನ್ನು ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ತೌಡು ಕಲಸಿ ಉಂಡೆ ಕಟ್ಟಬೇಕು. ನೀರಿಗೆ ಎರಚಿದರೆ ಅರ್ಧ ಕೆಸರಿನ ಪಾಲು. ಬುಟ್ಟಿಯಲ್ಲಿಟ್ಟೋ, ತೂತು ಮಾಡಿದ ಚೀಲದಲ್ಲಿ ತುಂಬಿ ಬಿದಿರಿನ ಗಳಕ್ಕೆ ಕಟ್ಟಿಯೋ ಇಳಿಬಿಡುವುದು ಮೇಲು. ಎಷ್ಟು ತಿಂದವೆಂಬುದೂ ಆಗ ತಿಳಿಯುತ್ತದೆ.

ಅಳತೆ ಹೇಗೆ? 200 ಗ್ರಾಂ ತೂಗುವ 1000 ಮೀನುಗಳಿದ್ದರೆ ಒಟ್ಟು ತೂಕ 200 ಕಿಲೋ. ನೂರಕ್ಕೆ ಎರಡರಂತೆ ದಿನಕ್ಕೆ 4 ಕಿಲೋ, ಅಂದರೆ ತೌಡು ಎರಡು, ಹಿಂಡಿ ಎರಡು. ತಿಂಗಳಿಗೊಮ್ಮೆ ಕೆಲವು ಮೀನು ಹಿಡಿದು ತೂಗಿ ಲೆಕ್ಕ ತಿದ್ದಿಕೊಳ್ಳಬೇಕು.

ಹೆಚ್ಚು ಹಾಕಿದರೆ ಹೆಚ್ಚು ಬೆಳೆಯುತ್ತವೆಂಬುದು ತಪ್ಪು ತಿಳಿವಳಿಕೆ. ಉಳಿದ ಆಹಾರ ಕೊಳೆತು ನೀರಿನ ಆಮ್ಲಜನಕವನ್ನು ತಿಂದುಬಿಡುತ್ತದೆ; ಒಂದೇ ರಾತ್ರಿಯಲ್ಲಿ ವರ್ಷದ ದುಡಿಮೆ ತೇಲಿಬಿಡಬಹುದು. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಅಂದು ಆಹಾರ ನಿಲ್ಲಿಸಿ, ಹೊಸ ನೀರು ಬಿಡಬೇಕು. ಖಾನಾಪುರದ ಮೋಡ ಮುಸುಕಿದ ದಿನಗಳಲ್ಲಿಯೂ, ಚಳಿಗಾಲದಲ್ಲಿಯೂ ಕೈ ಬಿಗಿಹಿಡಿಯುವುದು ಲೇಸು.

ಇನ್ನೊಂದು ಮಾತು. ಅಗ್ಗವೆಂದು ಬೂಷ್ಟು ಹಿಡಿದ ಹಿಂಡಿ ಕೊಳ್ಳಬಾರದು. ಅದರಲ್ಲಿ ವಿಷ ಸೇರಿರಬಹುದು. ತೌಡು ಬಹುಬೇಗ ಕಮಟು ಹಿಡಿಯುವುದರಿಂದ ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ತಂದು ಒಣ ಜಾಗದಲ್ಲಿಡಬೇಕು. ಪಟ್ಟಣದಲ್ಲಿದ್ದು ಹಳ್ಳಿಯಲ್ಲಿ ಹೊಂಡವುಳ್ಳವರು ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಊರಿಗೆ ಕಳುಹಿದರೂ ಸಾಕು.