ಪ್ರೌಢಶಾಲೆಯ ಚಿತ್ರಕಲಾ ಪಠ್ಯಕ್ರಮ ಮತ್ತು ನಮ್ಮ ಮಕ್ಕಳು
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣದ ಸಭೆಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಫಲಿತಾಂಶದ ಚರ್ಚೆ ತಪ್ಪದೆ ನಡೆಯುತ್ತದೆ. ಚಿತ್ರಕಲೆಯ ಹೆಸರು ಬರುವುದು ಅಪರೂಪ. ಎಸ್.ಎಸ್.ಎಲ್.ಸಿ.ಯ 625 ಅಂಕಗಳಲ್ಲಿ ಚಿತ್ರಕಲೆಯ ಪಾಲು ಸೇರಿಲ್ಲ. ಅದಕ್ಕೆ ಸಿಗುವುದು ಶಾಲೆ ಕೊಡುವ ಶ್ರೇಣಿ ಮಾತ್ರ. ಹೀಗಾಗಿ ಪರೀಕ್ಷೆ ಹತ್ತಿರವಾದಂತೆ ಆ ಅವಧಿಯನ್ನು ಬೇರೆ ವಿಷಯಕ್ಕೆ ಬಿಟ್ಟುಕೊಡುವುದು ಸುಲಭ.

ಹತ್ತನೆಯ ತರಗತಿಯವರೆಗೆ ಕಲೆಯನ್ನು ಒಂದು ವಿಷಯವಾಗಿಯೇ ಕಲಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2023ರ ಚೌಕಟ್ಟೂ ಕಲಾ ಶಿಕ್ಷಣಕ್ಕೆ ಸ್ಥಾನ ಕೊಟ್ಟಿದೆ. ನಮ್ಮ ರಾಜ್ಯದ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ತನ್ನ ವರದಿ ಸಲ್ಲಿಸಿದೆ. ಪಠ್ಯಕ್ರಮದ ಮಾತು ನಡೆಯುತ್ತಿರುವ ಈ ಹೊತ್ತಿನಲ್ಲಿ ನಮಗೇನು ಬೇಕೆಂದು ನಾವು ಹೇಳದಿದ್ದರೆ ನಮ್ಮ ಪರವಾಗಿ ಬೇರಾರೂ ಹೇಳಲಾರರು.

ನಮ್ಮ ಮನೆಗಳಲ್ಲಿ ಇನ್ನೊಂದು ಅಡ್ಡಿಯೂ ಇದೆ. ಜೀವಿಗಳ ಚಿತ್ರ ಬರೆಯುವುದು ಸರಿಯೇ ಎಂಬ ಪ್ರಶ್ನೆ ಅದು. ಈ ಬಗ್ಗೆ ಉಲೆಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಅದನ್ನು ತೀರ್ಮಾನಿಸಲು ನಾನು ಇಲ್ಲಿ ನಿಂತಿಲ್ಲ. ಆದರೆ ಚಿತ್ರ ಬರೆದು ಬದುಕುತ್ತಿದ್ದ ಒಬ್ಬನಿಗೆ ಹಜ್ರತ್ ಇಬ್ನ್ ಅಬ್ಬಾಸ್ (ರ) ಅವರು ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆಯಲು ಹೇಳಿದ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಅವರು ಆತನಿಗೆ ಕುಂಚವನ್ನೇ ಬಿಸಾಡು ಎನ್ನಲಿಲ್ಲ, ದಾರಿ ತೋರಿಸಿದರು. ನಾವು ಮಾತ್ರ ಒಂದು ಪಾಠದ ಮೇಲಿನ ಸಂಕೋಚಕ್ಕಾಗಿ ಇಡೀ ವಿಷಯದಿಂದಲೇ ಮಗುವನ್ನು ದೂರ ಇಡುತ್ತೇವೆ.

ಹಾಗಾದರೆ ಮುಸ್ಲಿಂ ಮಕ್ಕಳಿಗೆ ಪ್ರತ್ಯೇಕ ಪಠ್ಯಕ್ರಮ ಬೇಕೆ? ಖಂಡಿತ ಬೇಡ. ಪಠ್ಯಕ್ರಮ ಒಂದೇ ಇರಲಿ, ಮೌಲ್ಯಮಾಪನವೂ ಒಂದೇ ಇರಲಿ. ಅದರೊಳಗೆ ಆಯ್ಕೆ ಇರಲಿ. ಒಬ್ಬನು ಮನುಷ್ಯನ ಆಕೃತಿ ಬರೆದರೆ ಇನ್ನೊಬ್ಬಳು ಜಾಲಿಯ ವಿನ್ಯಾಸ ಬರೆಯಲಿ. ಅಕ್ಷರ ಕಲೆ ಮತ್ತು ಜ್ಯಾಮಿತೀಯ ವಿನ್ಯಾಸ ಎಲ್ಲ ಮಕ್ಕಳಿಗೂ ಪಾಠವಾಗಲಿ. ಕಲಿಯಬೇಕಾದ ಗೆರೆ, ಅಳತೆ, ಸಮತೋಲನ, ಬಣ್ಣದ ಜ್ಞಾನ ಎರಡರಲ್ಲೂ ಒಂದೇ.

ಒಂದು ಉದಾಹರಣೆ ಕೊಡುತ್ತೇನೆ. ವಿದ್ಯಾರ್ಥಿಗಳು ಮನೆಗೆ ಹೋಗಿ ಮಾಡಿ ನೋಡಬಹುದು. ಕೈವಾರದಿಂದ ಒಂದು ವೃತ್ತ ಬರೆಯಿರಿ. ಅಳತೆ ಬದಲಿಸದೆ ಪರಿಧಿಯ ಮೇಲೆ ಕೈವಾರವನ್ನು ಹೆಜ್ಜೆಹೆಜ್ಜೆಯಾಗಿ ನಡೆಸಿದರೆ ಸರಿಯಾಗಿ ಆರು ಬಿಂದುಗಳು ಸಿಗುತ್ತವೆ. ಪ್ರತಿ ಬಿಂದುವಿನಿಂದಲೂ ಅದೇ ಅಳತೆಯ ವೃತ್ತ ಎಳೆದರೆ ನಡುವೆ ಆರು ದಳದ ಹೂವು ಅರಳುತ್ತದೆ. ಬಿಂದುಗಳನ್ನು ಒಂದು ಬಿಟ್ಟು ಒಂದರಂತೆ ಜೋಡಿಸಿದರೆ ನಕ್ಷತ್ರವಾಗುತ್ತದೆ. ಮಸೀದಿಯ ಜಾಲಿ ಕೆಲಸಕ್ಕೆ ಬುನಾದಿ ಇಂಥ ರಚನೆಗಳೇ. ಗಣಿತದ ಪಾಠವೂ ಇದರಲ್ಲೇ ಇದೆ.

ಮಾದರಿಗಳಿಗೂ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಬೀದರಿನಲ್ಲಿ 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನರ ಮದರಸಾದ ಹೆಂಚಿನ ಕೆಲಸವಿದೆ. ವಿಜಾಪುರದ ಇಬ್ರಾಹಿಂ ರೋಜಾದ ಗೋಡೆಗಳ ಮೇಲೆ ಕಲ್ಲಿನಲ್ಲಿ ಕೊರೆದ ಅಕ್ಷರಗಳಿವೆ. ಅಲಿಗಢದಲ್ಲಿ ಹುಟ್ಟಿದ ಜರೀನಾ ಹಾಶ್ಮಿ (1937–2020) ಗಣಿತ ಓದಿ, ಗೆರೆ ಮತ್ತು ಉರ್ದು ಅಕ್ಷರಗಳನ್ನು ಬಳಸಿ ಮುದ್ರಣ ಕಲೆಯಲ್ಲಿ ಜಗತ್ತಿನ ಗಮನ ಸೆಳೆದರು. ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನು ತಿಳಿದಿರಬೇಕು.

ಅಷ್ಟು ದೂರ ಹೋಗಲಾಗದಿದ್ದರೆ ನಮ್ಮ ಜಿಲ್ಲೆಯೇ ಒಂದು ಪಠ್ಯಪುಸ್ತಕ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರ, ಗೋಣಿನಾರು, ಹುಣಸೆ ಬೀಜದ ಅಂಟಿನಿಂದ ಗೊಂಬೆ ಮಾಡುತ್ತಾರೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್‌ನಲ್ಲಿ ಬೃಹತ್ ಶಿಲಾಯುಗದ ಗೋರಿಗಳ ಜೊತೆಗೆ ಬಂಡೆಗಳ ಮೇಲೆ ಕೆಂಪು ಬಣ್ಣದ ಚಿತ್ರಗಳಿವೆ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿದ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಕುಷ್ಟಗಿಯಿಂದ ಗಡಿ ದಾಟಿದರೆ ಇಳಕಲ್. ಅಲ್ಲಿನ ಸೀರೆಯ ಸೆರಗಿನ ತೋಪು ತೆನಿ ಶುದ್ಧ ಜ್ಯಾಮಿತಿ. ಇವೆಲ್ಲ ಯಾರೋ ಒಬ್ಬರವಲ್ಲ, ನಮ್ಮೆಲ್ಲರವು. ನಮ್ಮ ಮಗು ಇಟಗಿಯ ಕಂಬದ ತಿರುವನ್ನು ನೋಡಿ ಬರೆಯಲಿ. ಕಿನ್ನಾಳದ ಮಗು ನಸ್ತಾಲೀಕ್ ಅಕ್ಷರದ ಬಾಗು ಕಲಿಯಲಿ. ಪರಸ್ಪರರ ಕೈಕೆಲಸ ಅರಿತ ಮಕ್ಕಳಲ್ಲಿ ದ್ವೇಷಕ್ಕೆ ಜಾಗ ಕಡಿಮೆ.

ಇದರಲ್ಲಿ ಅನ್ನದ ಪ್ರಶ್ನೆಯೂ ಇದೆ. ವಾಸ್ತುಶಿಲ್ಪ ಪದವಿಯ ಪ್ರವೇಶ ಪರೀಕ್ಷೆಯಲ್ಲಿ ಚಿತ್ರ ಬರೆಯಬೇಕು. ಬಟ್ಟೆ ವಿನ್ಯಾಸ, ಮುದ್ರಣ, ಒಳಾಂಗಣ, ಕಂಪ್ಯೂಟರ್ ಗ್ರಾಫಿಕ್ಸ್ ಇವೆಲ್ಲಕ್ಕೂ ಕೈ ಪಳಗಿರಬೇಕು. ಎಂಟನೆಯ ತರಗತಿಯಲ್ಲಿ ಪೆನ್ಸಿಲ್ ಕೆಳಗಿಟ್ಟ ಮಗುವಿಗೆ ಈ ಬಾಗಿಲುಗಳು ಅರಿವಿಲ್ಲದೆಯೇ ಮುಚ್ಚಿಕೊಳ್ಳುತ್ತವೆ.

ಆದ್ದರಿಂದ ಸಂಸ್ಥೆಯ ಮುಂದೆ ಮೂರು ವಿನಂತಿಗಳನ್ನು ಇಡುತ್ತೇನೆ. ಒಂದು, ನಮ್ಮ ಶಾಲೆಗಳಲ್ಲಿ ಚಿತ್ರಕಲೆಯ ಅವಧಿಯನ್ನು ಬೇರೆ ವಿಷಯಕ್ಕೆ ಕೊಡಬಾರದು. ಎರಡು, ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಆಸಕ್ತ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ತಯಾರು ಮಾಡಬೇಕು. ಮೂರು, ಪಠ್ಯಕ್ರಮದಲ್ಲಿ ಆಯ್ಕೆ, ಅಕ್ಷರ ಕಲೆ ಮತ್ತು ಸ್ಥಳೀಯ ಕಲೆಗೆ ಸ್ಥಾನ ಕೊಡುವಂತೆ ಡಿ.ಎಸ್.ಇ.ಆರ್.ಟಿ.ಗೆ ಲಿಖಿತ ಮನವಿ ಕಳುಹಿಸಬೇಕು. ಮನವಿಯ ಜೊತೆಗೆ ಚಿತ್ರಕಲಾ ಶಿಕ್ಷಕರು ಸಿದ್ಧಪಡಿಸಿದ ಮಾದರಿ ಪಾಠಗಳಿದ್ದರೆ ನಮ್ಮ ಮಾತಿಗೆ ತೂಕ ಬರುತ್ತದೆ.

ಅಲ್ಲಾಹನು ನಮ್ಮ ಮಕ್ಕಳ ಕೈಗೆ ಕೌಶಲವನ್ನೂ ಕಣ್ಣಿಗೆ ಸೌಂದರ್ಯವನ್ನು ಗುರುತಿಸುವ ಶಕ್ತಿಯನ್ನೂ ಕೊಡಲಿ.