ಸಂಗೀತದಲ್ಲಿ ಹಾಸ್ಯವೂ ಗಾಂಭೀರ್ಯವೂ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಿ ಶ್ರಾವಣಮಾಸವು ಬಂದಿತೆಂದರೆ ಮಠಗಳಲ್ಲಿ ಪುರಾಣ ಹಚ್ಚುವ ರೂಢಿಯುಂಟು. ಶಾಸ್ತ್ರಿಗಳು ಪ್ರವಚನವನ್ನು ಹೇಳುವರು. ಪಕ್ಕದಲ್ಲಿ ಗವಾಯಿಗಳು ಹಾರ್ಮೋನಿಯಂ ಮುಂದಿಟ್ಟುಕೊಂಡು ಕುಳಿತಿರುವರು. ಪದ್ಯವನ್ನು ರಾಗವಾಗಿ ಹಾಡಿ ನಿಲ್ಲಿಸಿದೊಡನೆ ಶಾಸ್ತ್ರಿಗಳು ಒಂದು ದೃಷ್ಟಾಂತವನ್ನು ಹೇಳಿ ಸಭೆಯನ್ನೆಲ್ಲಾ ನಗಿಸುವರು. ಆಗ ಹಿರಿಯರಲ್ಲಿ ಕೆಲವರು ಹುಬ್ಬು ಗಂಟಿಕ್ಕುವುದೂ, ಕಿರಿಯರು ಇನ್ನೂ ಇಂಥದೇ ಬರಲೆಂದು ಕಾಯುವುದೂ ಕಂಡುಬರುವ ಸಂಗತಿ. ಶಿವನ ಸನ್ನಿಧಿಯಲ್ಲಿ, ಶ್ರುತಿ ಸೇರಿಸಿ ಹಾಡುವ ಹೊತ್ತಿನಲ್ಲಿ, ನಗೆಗೆ ಎಡೆಯುಂಟೆ? ಹಿರಿಯರ ಸಂದೇಹವು ಹಗುರವಾದುದಲ್ಲ. ಆದರೆ ಹಾಸ್ಯವೆಂಬುದು ಸಂಗೀತಕ್ಕೆ ಹೊರಗಿನಿಂದ ಬಂದ ಅತಿಥಿಯೆಂದು ಭಾವಿಸಿದ್ದರಿಂದಲೇ ಆ ಸಂದೇಹವು ಹುಟ್ಟಿತು. ಹಾಸ್ಯವು ಸ್ವರ ತಾಳಗಳ ಒಳಗೆಯೇ ಇರುವುದು. ಅದನ್ನು ಹೊರಗೆ ತೆಗೆಯಬಲ್ಲವನು ಬಹುಕಾಲ ಸಾಧನೆ ಮಾಡಿದವನು ಮಾತ್ರವೆಂಬುದೇ ಇಲ್ಲಿ ಹೇಳತಕ್ಕ ಮಾತು.

ಮೊದಲು ಪುರಾತನರ ಕಡೆಗೆ ನೋಡಬಹುದು. ಅರುವತ್ತುಮೂವರಲ್ಲಿ ನಂಬಿಯಣ್ಣನು ಶಿವನಿಗೆ ಸಖನು. ಹರಿಹರ ಮಹಾಕವಿಯು ಅವನ ಚರಿತ್ರೆಯನ್ನು ರಗಳೆಯಾಗಿ ಬರೆದಿರುವನು. ತಮಿಳುನಾಡಿನಲ್ಲಿ ಸುಂದರಮೂರ್ತಿ ನಾಯನಾರರೆಂದು ಪ್ರಸಿದ್ಧರಾದ ಈ ಶರಣರು ತಮ್ಮ ಮೊದಲ ಪದದಲ್ಲಿಯೇ ಪರಮೇಶ್ವರನನ್ನು ಹುಚ್ಚನೆಂದು ಕರೆದರು. ಅವರ ಸಲುವಾಗಿ ತಿರುವಾರೂರಿನ ಶಿವನು ನಡುರಾತ್ರಿಯಲ್ಲಿ ಪರವೆಯ ಮನೆಗೆ ರಾಯಭಾರಿಯಾಗಿ ನಡೆದುಹೋದನೆಂಬ ಕಥೆಯನ್ನು ಕೇಳಿ ನಗದ ಭಕ್ತನಾರು? ಆದರೂ ಆ ಪದವು ಬಾಯಿಗೆ ಬಂದಂತೆ ಹಾಡಿದುದಲ್ಲ. ತೇವಾರದ ಪದಗಳಿಗೆಲ್ಲ ‘ಪಣ್’ ಎಂಬ ರಾಗವ್ಯವಸ್ಥೆಯುಂಟು; ಹುಚ್ಚನೆಂದು ಕರೆದ ಪದಕ್ಕೂ ಗೊತ್ತಾದ ಪಣ್ ಇದ್ದು, ಓದುವಾರರು ಅದನ್ನು ಇಂದಿಗೂ ದೇವಾಲಯಗಳಲ್ಲಿ ಹಾಡುತ್ತಿರುವರು. ಬೈಗುಳವು ಶ್ರುತಿಬದ್ಧವಾದುದರಿಂದಲೇ ಸ್ತುತಿಯಾಯಿತು. ಶಾಸ್ತ್ರಕಾರರು ಇದಕ್ಕೆ ನಿಂದಾಸ್ತುತಿಯೆಂದು ಹೆಸರಿಟ್ಟರು.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ರಸರಸಕ್ಕೂ ಸ್ವರವನ್ನು ಗೊತ್ತುಮಾಡುವಾಗ ಹಾಸ್ಯವನ್ನು ಬಿಟ್ಟುಬಿಡಲಿಲ್ಲ. ಹಾಸ್ಯ ಶೃಂಗಾರಗಳಿಗೆ ಮಧ್ಯಮ ಪಂಚಮಗಳು, ವೀರ ರೌದ್ರ ಅದ್ಭುತಗಳಿಗೆ ಷಡ್ಜ ಋಷಭಗಳು, ಕರುಣಕ್ಕೆ ಗಾಂಧಾರ ನಿಷಾದಗಳು, ಬೀಭತ್ಸ ಭಯಾನಕಗಳಿಗೆ ಧೈವತ ಎಂಬುದು ಅವನ ವಿಭಾಗ. ಅಂದಿನ ಗ್ರಾಮಪದ್ಧತಿಯ ಸ್ವರಗಳು ಇಂದಿನ ಹಾರ್ಮೋನಿಯಮ್ಮಿನ ಮನೆಗಳಲ್ಲಿ ಹಾಗೆಯೇ ಕೂಡುವುದಿಲ್ಲವಾದುದರಿಂದ, ಪಂಚಮವನ್ನು ಒತ್ತಿದ ಮಾತ್ರಕ್ಕೆ ಸಭೆಯು ನಗುವುದೆಂದು ಯಾರೂ ತಿಳಿಯಬೇಕಾದುದಿಲ್ಲ! ಅದಕ್ಕಿಂತಲೂ ಬೆಲೆಯುಳ್ಳ ಮಾತೆಂದರೆ, ಆ ಮುನಿಯು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿದುದು. ಸ್ಮಿತ ಹಸಿತಗಳು ಉತ್ತಮರಿಗೆ, ವಿಹಸಿತ ಉಪಹಸಿತಗಳು ಮಧ್ಯಮರಿಗೆ, ಅಪಹಸಿತ ಅತಿಹಸಿತಗಳು ಅಧಮರಿಗೆ ಸಲ್ಲತಕ್ಕವು. ಸ್ಮಿತದಲ್ಲಿ ಹಲ್ಲು ಕಾಣದು. ಒಳ್ಳೆಯ ಸಂಗೀತವು ಕೇಳುವವನ ಮುಖದಲ್ಲಿ ತರುವ ನಗೆಯು ಬಹುಮಟ್ಟಿಗೆ ಈ ಮೊದಲನೆಯ ಬಗೆಯದೇ.

ಅಂತಹ ನಗೆಯು ಮಾತಿಲ್ಲದೆ ಹೇಗೆ ಹುಟ್ಟುವುದೆಂಬುದನ್ನು ತಾಳದಲ್ಲಿ ನೋಡಬೇಕು. ತೀನತಾಳಕ್ಕೆ 16 ಮಾತ್ರೆಗಳು; ಮೊದಲನೆಯದು ಸಮ್. ಗವಾಯಿಯು ಎಷ್ಟು ದೂರ ವಿಹಾರ ಮಾಡಿದರೂ ಸಮ್ಮಿಗೆ ಬಂದು ಸೇರಲೇಬೇಕು. ಅವನು ಐದು ಮಾತ್ರೆಯ ಒಂದು ತುಣುಕನ್ನು ಸಮ್ಮಿನಲ್ಲಿ ಎತ್ತಿಕೊಂಡು, ಒಂದು ಮಾತ್ರೆ ಬಿಟ್ಟು ಮತ್ತೆ ಅದನ್ನೇ ಹಾಡಿ, ಮತ್ತೊಂದು ಮಾತ್ರೆ ಬಿಟ್ಟು ಮೂರನೆಯ ಸಲ ಹಾಡುವನೆನ್ನಿ. ಐದು ಮೂರಲ ಹದಿನೈದು, ಬಿಟ್ಟವು ಎರಡು, ಒಟ್ಟು 17. ಹದಿನೇಳನೆಯದೇ ಮುಂದಿನ ಆವರ್ತದ ಸಮ್! ಇದಕ್ಕೆ ತಿಹಾಯಿ ಎಂದು ಹೆಸರು. ಎರಡನೆಯ ಸಲ ಹಾಡುವಾಗ ತುಣುಕು ತಾಳಕ್ಕೆ ಅಡ್ಡಡ್ಡವಾಗಿ ಬೀಳುತ್ತಿರುವುದರಿಂದ, ಗವಾಯಿಯು ದಾರಿ ತಪ್ಪಿದನೋ ಎಂದು ಕೇಳುವವನ ಎದೆ ಸ್ವಲ್ಪ ಅಳುಕುವುದು. ಮೂರನೆಯದರ ಕೊನೆಯ ಪೆಟ್ಟು ತಬಲದ ಸಮ್ಮಿನೊಡನೆ ಏಕವಾದಾಗ ಆ ಅಳುಕೇ ನಗೆಯಾಗಿ ಹೊಮ್ಮುವುದು. ಒಂದೇ ಒಂದು ಮಾತ್ರೆ ತಪ್ಪಿದರೂ ಸಭೆ ನಗದೆ ಇರುವುದಿಲ್ಲ, ಆದರೆ ಆ ನಗೆಯು ಗವಾಯಿಯೊಡನೆ ನಕ್ಕುದಲ್ಲ, ಗವಾಯಿಯನ್ನು ಕಂಡು ನಕ್ಕುದು. ಚನ್ನಗಿರಿ ಸೀಮೆಯವರು ಸೂಳೆಕೆರೆಯನ್ನು ಬಲ್ಲರು. ಏರಿಯು ಗಟ್ಟಿಯಾಗಿದ್ದರೆ ತೂಬಿನಲ್ಲಿ ಹಾರಿಬರುವ ನೀರಿನ ಆಟವನ್ನು ಮಕ್ಕಳೂ ನಿಂತು ನೋಡುವರು. ಏರಿಯೇ ಒಡೆದರೆ ಅದನ್ನು ಆಟವೆನ್ನುವವರಾರು?

ವಾಗ್ಗೇಯಕಾರರು ಸಾಹಿತ್ಯದಲ್ಲಿಯೂ ಇಂಥ ಆಟಗಳನ್ನು ಆಡಿರುವರು. ಕರ್ನಾಟಕ ಪದ್ಧತಿಯಲ್ಲಿ ಸ್ವರಾಕ್ಷರವೆಂಬುದೊಂದುಂಟು: ‘ಸರಿ’ ಎಂಬ ಮಾತು ಬಂದಲ್ಲಿ ಸ್ವರವೂ ಸ ರಿ, ‘ನಿಗಮ’ ಎಂಬಲ್ಲಿ ನಿ ಗ ಮ, ‘ಪದ’ ಎಂಬಲ್ಲಿ ಪ ದ. ಅರ್ಥವನ್ನು ಮಾತ್ರ ಕೇಳುವವನಿಗೆ ಇದು ತಿಳಿಯದೆ ಹೋಗುವುದು. ಸ್ವರವನ್ನು ಬಲ್ಲವನಿಗೆ ಒಳಗೊಳಗೇ ನಗು ಬರುವುದು. ಮುತ್ತುಸ್ವಾಮಿ ದೀಕ್ಷಿತರು ಆನಂದಭೈರವಿಯಲ್ಲಿ ರಚಿಸಿದ ‘ತ್ಯಾಗರಾಜ ಯೋಗ ವೈಭವಂ’ ಎಂಬ ಕೃತಿಯಲ್ಲಿ ಒಂದು ದೀರ್ಘವಾದ ಮಾತು ಮುಂದಿನ ಅಕ್ಷರಗಳನ್ನು ಕ್ರಮವಾಗಿ ಉದುರಿಸಿಕೊಳ್ಳುತ್ತ, ಗೋವಿನ ಬಾಲದಂತೆ ಸಣ್ಣಗಾಗುತ್ತ, ಪ್ರತಿ ಸಲವೂ ಬೇರೊಂದು ಅರ್ಥವನ್ನು ಕೊಡುತ್ತ ಹೋಗಿ ಕೊನೆಗೆ ಒಂದೇ ಅಕ್ಷರದಲ್ಲಿ ನಿಲ್ಲುವುದು. ಇದನ್ನು ಗೋಪುಚ್ಛಯತಿಯೆನ್ನುವರು. ಆ ತ್ಯಾಗರಾಜನಾದರೂ ಯಾರು? ನಂಬಿಯಣ್ಣನ ಸಖನಾದ ಅದೇ ತಿರುವಾರೂರಿನ ಶಿವನು. ದೀಕ್ಷಿತರು ಹುಟ್ಟಿದ ಊರೂ ಅದೇ. ಒಬ್ಬರು ಬೈದು ಆಡಿದರು, ಮತ್ತೊಬ್ಬರು ಅಕ್ಷರಗಳನ್ನು ಉದುರಿಸಿ ಆಡಿದರು.

ಹೊರದೇಶದವರಿಗೂ ಈ ಮರ್ಮ ತಿಳಿಯದುದಲ್ಲ. ಆಸ್ಟ್ರಿಯ ದೇಶದ ಮೊಜಾರ್ಟ್ ಎಂಬ ಮಹಾ ಸಂಗೀತಗಾರನು 1787ರಲ್ಲಿ ‘ಸಂಗೀತದ ತಮಾಷೆ’ ಎಂಬ ಅರ್ಥದ ಹೆಸರಿಟ್ಟು ಒಂದು ರಚನೆಯನ್ನು ಮಾಡಿದನು. ಅರೆಬರೆ ಕಲಿತವರು ರಚಿಸುವ ಸಂಗೀತವನ್ನು ಅಣಕಿಸುವುದಕ್ಕಾಗಿ ಬೇಕೆಂದೇ ತಪ್ಪುಗಳನ್ನು ತುಂಬಿ, ಕೊನೆಯಲ್ಲಿ ಒಂದೊಂದು ವಾದ್ಯವನ್ನೂ ಒಂದೊಂದು ಶ್ರುತಿಗೆ ಬಿಟ್ಟುಬಿಟ್ಟನು. ಅಷ್ಟು ಅಚ್ಚುಕಟ್ಟಾಗಿ ತಪ್ಪುವುದು ಎಂದೂ ತಪ್ಪದವನಿಗೆ ಮಾತ್ರ ಸಾಧ್ಯ.

ಮಠದ ಪುರಾಣಕ್ಕೆ ಮರಳಿದರೆ, ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಸಿದ್ಧರಾಮನ ಪ್ರಸಂಗವೊಂದೇ ಸಾಕು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಆ ಮಹಾಯೋಗಿಯನ್ನು ಅಲ್ಲಮಪ್ರಭುವು ಒಡ್ಡನೆಂದು ಕರೆದು, ಎಲ್ಲಿರುವನೆಂದು ವಿಚಾರಿಸುವನು. ಕೆಲಸಗಾರರು ಸಿಟ್ಟುಗೊಂಡು ಕಲ್ಲು ಬೀರುವರು. ಸಭೆ ನಗುವುದು ಸಹಜ. ಇಲ್ಲಿ ಗಮಕಿಯ ಪರೀಕ್ಷೆ. ಭಾಮಿನೀ ಷಟ್ಪದಿಯ ಮೂರು ನಾಲ್ಕು ಮಾತ್ರೆಯ ನಡೆಯೇ ಆ ಹಂಗಿಸುವಿಕೆಗೂ, ಮುಂದೆ ಸಿದ್ಧರಾಮನು ಶರಣಾಗುವುದಕ್ಕೂ ಸಮಾನವಾಗಿದೆ. ಬದಲಾಗತಕ್ಕುದು ರಾಗ ಮತ್ತು ಕಾಕು ಮಾತ್ರ. ಕೆಲವರು ಸಭೆಯ ಚಪ್ಪಾಳೆಗೆ ಆಸೆಪಟ್ಟು ಇಲ್ಲಿ ಕಂಠವನ್ನು ವಿಕಾರಮಾಡುವುದುಂಟು; ಆಗ ಅಲ್ಲಮನು ಗುರುವಾಗಿ ಉಳಿಯದೆ ವಿದೂಷಕನಾಗುವನು. ಪ್ರಭುವಿನ ಆ ಮಾತು ಉಪದೇಶವೇ ಹೊರತು ಕುಚೋದ್ಯವಲ್ಲವಷ್ಟೆ.

ಇನ್ನು ನಾಟಕದ ಮಾತು. ಸಂಗೀತಕ್ಕೆ ನಾಟಕವು ಕುಂದು ತಂದಿತೆಂದು ಹೇಳುವವರು ಇದನ್ನು ಸಾವಧಾನವಾಗಿ ಕೇಳಬೇಕು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳು ಅಂಧರು. 1867ರಿಂದ 1930ರ ವರೆಗೆ ಬಾಳಿದ ಹಾನಗಲ್ಲ ಕುಮಾರಸ್ವಾಮಿಗಳವರ ಕೃಪೆಯಿಂದ ಅವರಿಗೆ ಕರ್ನಾಟಕ, ಹಿಂದೂಸ್ಥಾನಿ ಎರಡೂ ಪದ್ಧತಿಗಳ ಶಿಕ್ಷಣವು ದೊರೆಯಿತು. ಕಲಿತ ವಿದ್ಯೆಯನ್ನು ಅವರು ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಧಾರೆಯೆರೆದರು. ಊರಿಂದೂರಿಗೆ ಸಂಚರಿಸುತ್ತಿದ್ದ ಆ ಪಾಠಶಾಲೆಯೇ ಗದುಗಿನಲ್ಲಿ ನೆಲೆಗೊಂಡು ವೀರೇಶ್ವರ ಪುಣ್ಯಾಶ್ರಮವಾಯಿತು. ಅಷ್ಟು ಮಕ್ಕಳಿಗೆ ಎರಡು ಹೊತ್ತು ಪ್ರಸಾದವು ನಡೆಯಬೇಕಷ್ಟೆ! ಭಿಕ್ಷೆಯೊಂದೇ ಸಾಲದೆ ನಾಟಕ ಸಂಘವನ್ನೂ ನಡೆಸಲಾಯಿತು. 1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದ ಮೇಲೆ ಆ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳೂ ಅಂಧರೇ; ನಾಟಕಗಳನ್ನು ತಾವೇ ರಚಿಸಿದರು, ಹಲವು ವಾದ್ಯಗಳನ್ನು ನುಡಿಸಿದರು, 2010ರ ವರೆಗೆ ಬಾಳಿದರು.

ಇದರಲ್ಲಿ ಒಂದು ಸಂಗತಿಯು ಮನಸ್ಸಿಗೆ ತಾಗುವುದು. ನಾಟಕವೆಂದ ಮೇಲೆ ಹಾಸ್ಯವಿಲ್ಲದೆ ಜನ ಸೇರರು. ಜನ ಸೇರದಿದ್ದರೆ ಮಕ್ಕಳ ತಟ್ಟೆಗೆ ಅನ್ನವಿಲ್ಲ. ಪ್ರೇಕ್ಷಕನು ನಕ್ಕ ನಗೆಯಿಂದ ಒಬ್ಬ ಕುರುಡ ಬಾಲಕನಿಗೆ ಭೈರವಿಯ ಪಾಠವಾಯಿತು. ಗುರುಗಳಿಗಾದರೋ ಹಾಸ್ಯಗಾರನ ಮೋರೆ, ವೇಷ, ಕುಣಿತ ಯಾವುದೂ ಕಾಣದು. ಅವರ ಬಳಿ ಇದ್ದ ಅಳತೆಗೋಲು ಕಿವಿಯೊಂದೇ. ಹಾಸ್ಯವು ಲಯಕ್ಕೆ ಕೂಡಿತೋ ಇಲ್ಲವೋ ಎಂಬುದನ್ನು ನೋಡಲು ಅದಕ್ಕಿಂತ ನಿಷ್ಠುರವಾದ ಪರೀಕ್ಷೆಯುಂಟೆ? ನಾಟಕವಿದ್ದುದರಿಂದ ಸಂಗೀತವು ಕೆಟ್ಟಿತೆ ಎಂದು ಕೇಳಿದರೆ ಬಸವರಾಜ ರಾಜಗುರುಗಳ ಹೆಸರನ್ನು ಹೇಳಿದರೆ ಸಾಕು. ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರು ವರ್ಷಗಳ ಉತ್ಸವವು 1936ರಲ್ಲಿ ಹಂಪೆಯಲ್ಲಿ ನಡೆದಾಗ ಆ ತರುಣ ಶಿಷ್ಯನು ಹಾಡಿದನು. ತಬಲಕ್ಕೆ ಕುಳಿತವರು ಸ್ವತಃ ಪಂಚಾಕ್ಷರ ಗವಾಯಿಗಳು. 1910ರಲ್ಲಿ ಧಾರವಾಡದ ಬಳಿಯ ಮನ್ಸೂರಿನಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನ್ಸೂರರೂ ಬಾಲ್ಯದಲ್ಲಿ ವಾಮನರಾಯ ಮಾಸ್ತರರ ನಾಟಕ ಮಂಡಳಿಯಲ್ಲಿ ಬಣ್ಣ ಹಚ್ಚಿದವರೇ. ಅಪೂರ್ವ ರಾಗಗಳಿಗೆ ಹೆಸರಾದ ಜಯಪುರ ಘರಾಣೆಯ ವಿದ್ಯೆಯು ಅವರಿಗೆ ಅದರಿಂದ ದೂರವಾಗಲಿಲ್ಲ. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘವು 1884ರಲ್ಲಿ ಹುಟ್ಟಿದುದು. ಅದರ ವೀರಣ್ಣನವರು ‘ಸದಾರಮೆ’ಯ ಕಳ್ಳನ ಪಾತ್ರದಿಂದ ನಾಡನ್ನೆಲ್ಲ ನಗಿಸಿದರು. ಹಾಡಿನಿಂದಲೇ ಬಾಳಿದ ಆ ರಂಗದ ಮೇಲೆ ಕಳ್ಳನಾದವನೂ ಶ್ರುತಿಯನ್ನು ಕದಿಯುವಂತಿರಲಿಲ್ಲ.

ಈಚೆಗೆ ಜಾತ್ರೆ ಉತ್ಸವಗಳಲ್ಲಿ ಧ್ವನಿವರ್ಧಕವನ್ನು ಹಾಸ್ಯದವನ ಕೈಗೆ ಕೊಟ್ಟು, ಗವಾಯಿಯು ತಂಬೂರಿಯ ಶ್ರುತಿಯನ್ನು ಕೂಡಿಸುವ ಹೊತ್ತನ್ನು ಹಾಗೂ ಹೀಗೂ ತುಂಬಿಸುವ ಪದ್ಧತಿಯು ಬೆಳೆದಿದೆ. ಶ್ರುತಿ ಕೂಡಿಸುವುದನ್ನು ಕೇಳುವುದೇ ಒಂದು ಸಂಸ್ಕಾರವಾಗಿರಲು, ಅದರ ಮೇಲೆ ನಗೆಯ ಗದ್ದಲವನ್ನು ಹೊರಿಸುವುದು ಹಾಸ್ಯಕ್ಕೂ ಗೌರವವಲ್ಲ. ಹಿರಿಯರ ಹುಬ್ಬು ಇಲ್ಲಿ ಗಂಟಿಕ್ಕಿದರೆ ಅದು ನ್ಯಾಯವೇ.

ಜಗಳೂರಿನ ಕಡೆಯವರಿಗೆ ದೊಡ್ಡಾಟವು ಹೊಸದಲ್ಲ. ರಂಗಕ್ಕೆ ಬಂದ ರಾಜನನ್ನು ಸಾರಥಿಯು ತಡೆದು, ನೀನಾರು, ನಿನ್ನ ಊರಾವುದು, ಬಂದ ಕಾರಣವೇನು ಎಂದು ಕೇಳುವನು. ಎಷ್ಟು ದೊಡ್ಡ ಚಕ್ರವರ್ತಿಯಾದರೂ ಆ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೆಜ್ಜೆಯಿಡುವಂತಿಲ್ಲ. ಸಾರಥಿಯು ತನ್ನ ಬುದ್ಧಿಗೆ ತೋಚಿದಷ್ಟು ನಗಿಸಬಹುದು. ಆದರೆ ಹಿಂದೆ ನಿಂತ ಭಾಗವತನು ಮುಂದಿನ ಪದವನ್ನು ಎತ್ತಬೇಕಾದ ಗಳಿಗೆಯನ್ನು ಅವನು ಮರೆಯುವಂತಿಲ್ಲ. ನುರಿತ ಸಾರಥಿಯಾದರೆ, ಅವನ ಕೊನೆಯ ಮಾತಿಗೆ ಜನರು ನಗುತ್ತಿರುವಾಗಲೇ ಭಾಗವತನ ತಾಳವು ಬಿದ್ದು, ಮದ್ದಳೆಯು ಅದನ್ನು ಹಿಡಿದು, ರಾಜನ ಹೆಜ್ಜೆಯು ಅದರ ಮೇಲೆ ಬಂದಿರುವುದು.