ಮಾರಾಟವಾಗದ ನೇಗಿಲು



ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆಯಾದರೂ ದೊಡ್ಡ ಉದ್ಯಮಿಯೊಬ್ಬರನ್ನು ಬರಮಾಡಿಕೊಂಡು ಭಾಷಣ ಮಾಡಿಸುವ ರೂಢಿಯುಂಟು. ಅವರು ಶ್ರಮ, ಧೈರ್ಯ, ಪ್ರಾಮಾಣಿಕತೆಗಳನ್ನು ಕುರಿತು ಹೇಳುತ್ತಾರೆ. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುತ್ತಾರೆ. ಹಾರ ತುರಾಯಿಗಳೊಡನೆ ಸಭೆ ಮುಗಿಯುತ್ತದೆ. ಆ ಗುಣಗಳು ಬೇಡವೆಂದು ಯಾರೂ ಹೇಳರು. ಆದರೆ ಅವನ್ನು ಬೋಧಿಸುವುದಕ್ಕೆ ಉದ್ಯಮಿಯೇ ಬರಬೇಕಾಗಿಲ್ಲ. ಅಧ್ಯಾಪಕರಾದ ನಾವು ಆ ಕೆಲಸವನ್ನು ಬೇಕಾದುದಕ್ಕಿಂತ ಹೆಚ್ಚಾಗಿಯೇ ಮಾಡುತ್ತಿದ್ದೇವೆ. ಪಳಗಿದ ಉದ್ಯಮಿಯೊಬ್ಬನಿಂದಲೇ ಕಲಿಯಬಹುದಾದ ಪಾಠ ಬೇರೊಂದುಂಟು. ಮಾಡಿಟ್ಟ ಸರಕು ಮಾರಾಟವಾಗದೆ ಉಳಿದಾಗ ಅವನು ಏನನ್ನು ಕಂಡುಕೊಂಡನು ಎಂಬುದೇ ಆ ಪಾಠ.

ಗೋಕಾಕ ತಾಲ್ಲೂಕಿನ ಅಂಕಲಗಿಯಂಥ ಊರಿನ ವಿದ್ಯಾರ್ಥಿ ಇದಕ್ಕಾಗಿ ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಅವನದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಜನಿಸಿದರು. ಮುಂಬಯಿಗೆ ಚಿತ್ರಕಲೆಯನ್ನು ಕಲಿಯಲು ಹೋದವರು, ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂದು ಗೊತ್ತಾದಾಗ ಯಂತ್ರಗಳ ನಕ್ಷೆ ಬರೆಯುವ ವಿದ್ಯೆಗೆ ತಿರುಗಿದರು. ಅಲ್ಲಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಶಾಲೆಯಲ್ಲಿ ಉಪಾಧ್ಯಾಯರೂ ಆದರು. ತಮಗೆ ಸಲ್ಲಬೇಕಾದ ಬಡ್ತಿ ಮತ್ತೊಬ್ಬರ ಪಾಲಾದಾಗ ಕೆಲಸವನ್ನು ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ 1888ರಲ್ಲಿಯೇ ಅಣ್ಣನೊಡನೆ ಸೈಕಲ್ ಅಂಗಡಿಯನ್ನು ಆರಂಭಿಸಿದ್ದರು. ತನ್ನ ಸರಕನ್ನು ತಯಾರಿಸುವುದಕ್ಕೆ ಮೊದಲು ಪರರ ಸರಕನ್ನು ಮಾರಿ ಗಿರಾಕಿಯ ಸ್ವಭಾವವನ್ನು ಅರಿಯುವುದು ಅಗ್ಗದ ವಿದ್ಯಾಭ್ಯಾಸವೆಂದು ನಮ್ಮ ಎಣಿಕೆ.

ಆಮೇಲೆ ಅವರು ಮೇವು ಕತ್ತರಿಸುವ ಯಂತ್ರವನ್ನು ಮಾಡಿದರು. ಜೋಳದ ಕಣಿಕೆಯನ್ನು ಹಾಗೆಯೇ ಹಾಕಿದರೆ ದನಗಳು ಎಲೆಯನ್ನು ತಿಂದು ಗಟ್ಟಿ ದಂಟನ್ನು ಬಿಡುತ್ತವೆ; ಸಣ್ಣಗೆ ಕತ್ತರಿಸಿದರೆ ನಷ್ಟ ಕಡಮೆ. ಇದು ರೈತನ ಕಣ್ಣಿಗೆ ಕಾಣುವ ಲಾಭ. ಕಬ್ಬಿಣದ ನೇಗಿಲಿನ ಕಥೆ ಹಾಗಾಗಲಿಲ್ಲ. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುವುದೆಂದು ರೈತರು ಹೆದರಿದರು. ಮೊದಲನೆಯ ನೇಗಿಲು ಮಾರಾಟವಾಗುವುದಕ್ಕೆ ಎರಡು ವರ್ಷ ಹಿಡಿಯಿತು.

ಪಟ್ಟಣದಲ್ಲಿ ಓದಿದ ನಾವು ಇದನ್ನು ಮೂಢನಂಬಿಕೆಯೆಂದು ನಕ್ಕು ಮುಂದಕ್ಕೆ ಹೋಗುತ್ತೇವೆ. ಸ್ವಲ್ಪ ನಿಂತು ನೋಡೋಣ. ರೈತನ ಮರದ ರಂಟೆ ಮುರಿದರೆ ಊರ ಬಡಿಗನು ಸರಿಪಡಿಸಿಕೊಡುತ್ತಿದ್ದನು; ಅದರ ಪ್ರತಿಫಲ ರೊಕ್ಕವಲ್ಲ, ಸುಗ್ಗಿಯಲ್ಲಿ ಕಣದಿಂದ ಸಲ್ಲುವ ಆಯ. ಕಬ್ಬಿಣದ ನೇಗಿಲಿಗಾದರೋ ಮೊದಲೇ ಹಣ ತೆರಬೇಕು; ಕುಳ ಸವೆದರೆ ಹೊಸದು ಎಲ್ಲಿ ದೊರೆಯುವುದೋ ತಿಳಿಯದು; ಆಳವಾಗಿ ಮಣ್ಣನ್ನು ಮಗುಚುವ ಆ ನೇಗಿಲನ್ನು ಎಳೆಯಲು ಬಲವಾದ ಎತ್ತುಗಳು ಬೇಕು. ಬಿತ್ತುವ ಹದ ಬಂದಾಗ ಉಪಕರಣ ಕೈಕೊಟ್ಟರೆ ಒಂದು ವರ್ಷದ ಅನ್ನವೇ ಹೋದಂತೆ. ವಿಷವೆಂಬ ಮಾತಿನ ಹಿಂದೆ ಇಷ್ಟೊಂದು ಲೆಕ್ಕವಿರಬಹುದು. ಬೇಡವೆಂದವನನ್ನು ಅಜ್ಞನೆಂದು ತಿಳಿದ ವ್ಯಾಪಾರಿ ಅಲ್ಲಿಯೇ ನಿಲ್ಲುತ್ತಾನೆ. ಏಕೆ ಬೇಡವೆಂದು ಕೇಳಿದವನಿಗೆ ದಾರಿ ಸಿಕ್ಕುತ್ತದೆ.

ನೇಗಿಲು ನೆಲೆಗೊಳ್ಳುವಷ್ಟರಲ್ಲಿ ಇನ್ನೊಂದು ತೊಡಕು ಬಂತು. ಊರನ್ನು ವಿಸ್ತರಿಸುವುದಕ್ಕೆ ಕಾರ್ಖಾನೆಯ ಸ್ಥಳ ಬೇಕೆಂದು ಪುರಸಭೆಯವರು ಅದನ್ನು ತೆರವು ಮಾಡಿಸಿದರು. ಔಂಧ ಸಂಸ್ಥಾನದ ಅರಸರು ಕುಂಡಲ ರೋಡ್ ನಿಲ್ದಾಣದ ಬಳಿ ನೆಲವನ್ನಿತ್ತು ಸಾಲವನ್ನೂ ಕೊಟ್ಟರು. 1910ರಲ್ಲಿ ಪಾಪಾಸುಕಳ್ಳಿ ಬೆಳೆದ ಆ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಒಬ್ಬನೇ ಮನುಷ್ಯನ ಸಾಹಸವೆಂದು ಇದನ್ನು ವರ್ಣಿಸುವವರುಂಟು. ಅಣ್ಣನ ಬೆಂಬಲ, ಅರಸರ ನೆರವು, ಕೂಡ ಹೊರಟುಬಂದ ಕೆಲಸಗಾರರ ವಿಶ್ವಾಸ ಇವನ್ನು ತೆಗೆದುಹಾಕಿದರೆ ಕಥೆ ನಿಲ್ಲಲಾರದು. 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾದುದು ಈ ಬೇರಿನಿಂದಲೇ.

ಆದುದರಿಂದ ಅಂಕಲಗಿಯ ವಿದ್ಯಾರ್ಥಿ ತನ್ನ ಊರಿನ ಗಿರಣಿಯವನನ್ನೋ ಕುಲುಮೆಯವನನ್ನೋ ಕಂಡಾಗ, ಹೇಗೆ ಗೆದ್ದಿರಿ ಎಂದು ಕೇಳಬೇಕಾಗಿಲ್ಲ. ಗೆಲವಿನ ಕಥೆ ಹೇಳಿ ಹೇಳಿ ನುಣುಪಾಗಿರುತ್ತದೆ. ನಿಮ್ಮಲ್ಲಿ ಬಹುಕಾಲ ಬಿದ್ದಿದ್ದ ಸರಕು ಯಾವುದು? ಕೊಂಡುಹೋದುದನ್ನು ಮೊದಲು ಹಿಂದಕ್ಕೆ ತಂದವರು ಯಾರು, ಏನೆಂದು ಹೇಳಿದರು? ಕಬ್ಬಿನ ಹಣ ವರ್ಷಕ್ಕೊಮ್ಮೆ ಕೈಗೆ ಬರುವ ರೈತನಿಗೆ ಉದ್ದರಿ ಕೊಟ್ಟು, ಅದು ವಸೂಲಾಗುವ ತನಕ ಆಳುಗಳ ಕೂಲಿಯನ್ನು ಎಲ್ಲಿಂದ ಕೊಟ್ಟಿರಿ? ಹೀಗೆ ಕೇಳಲಿ. ಮೊದಲ ದಿನ ಉತ್ತರ ಬಾರದೆ ಇರಬಹುದು. ಎರಡನೆಯ ಸಲ ಹೋಗುವಾಗ ಕೈಯಲ್ಲಿ ಒಂದು ಲೆಕ್ಕದ ಪುಸ್ತಕವಿರಲಿ.